ಬಳ್ಳಿಯ ಸಾಕ್ಷಿ

ದಾನವ್ವ ಅಂದು ಕೂಡ ತೋಟದೊಳಗೆ ಹೋದಳು.

ಹೊನ್ನವ್ವ ಹಿತ್ತಲ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಕೈ ಮೊರದ ಮೇಲಿದ್ದರೂ ಕಣ್ಣು ತೋಟದ ತಟ್ಟಿಬಾಗಿಲ ಮೇಲಿತ್ತು. ಸವತಿ ತಟ್ಟಿ ಸರಿಸಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಹಾಡು ಗುನುಗುತ್ತ ಬಳ್ಳಿಯ ಸಾಲಿನಲ್ಲಿ ಮರೆಯಾದಳು. ಹೊನ್ನವ್ವ ಮೊರ ಕುಟ್ಟಿದ ರಭಸಕ್ಕೆ ಹೊಟ್ಟಿನ ಜೊತೆ ಕಾಳೂ ಹಾರಿಹೋಯಿತು.

ಸವಣೂರಿನ ಆ ವೀಳ್ಯದೆಲೆಯ ತೋಟಕ್ಕೆ ಹಿರಿಯರ ಕಾಲದಿಂದ ಒಂದು ಕಟ್ಟು ಇತ್ತು. ಹೊರಗಾದ ಹೆಂಗಸು ಬಳ್ಳಿಯ ಸಾಲಿಗೆ ಕಾಲಿಡಬಾರದು. ಇಟ್ಟರೆ ಬಳ್ಳಿ ಒಣಗುತ್ತದೆ ಎಂದು ನಂಬಿಕೆ. ಉಳಿವೆಪ್ಪನ ಮನೆಯವರು ಲಿಂಗವಂತರು. ಲಿಂಗ ಕಟ್ಟಿಕೊಂಡ ಮೈಗೆ ಮೈಲಿಗೆಯಿಲ್ಲವೆಂದು ಅಯ್ಯನವರು ಹೇಳಿದ್ದರಿಂದ ಆ ದಿನಗಳಲ್ಲಿ ಅಡಿಗೆಮನೆಗೂ ದೇವರ ಜಗಲಿಗೂ ಅಡ್ಡಿಯಿರಲಿಲ್ಲ. ಆದರೆ ಬಳ್ಳಿಗೆ ಅಯ್ಯನವರು ಲಿಂಗ ಕಟ್ಟಿರಲಿಲ್ಲವಲ್ಲ. ಹೀಗಾಗಿ ಆ ಮನೆಯ ಹೆಂಗಸರು ತಮ್ಮ ಮೈಯ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಬೆಳಗಾದ ಮೇಲೆ ತಟ್ಟಿಯ ಕಡೆ ಹೋಗದೆ ದನದ ಕೊಟ್ಟಿಗೆಯ ಕಡೆ ಹೊರಳಿದವಳು ಹೊರಗಿದ್ದಾಳೆಂದು ಅರ್ಥ. ತಿಂಗಳು ತುಂಬಿದರೂ ತಟ್ಟಿ ದಾಟುತ್ತಲೇ ಇದ್ದವಳು ಬಸುರಿ ಎಂದು ಅರ್ಥ. ಉಳಿವೆಪ್ಪನ ಸೋದರತ್ತೆ ಶಂಕ್ರವ್ವ, ಗಂಡ ಸತ್ತ ಮೇಲೆ ತವರಿಗೆ ಬಂದು ಈ ಮನೆಯ ಹಿರೇತನ ಹೊತ್ತ ಮುದುಕಿ, ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಇದನ್ನೆಲ್ಲ ಓದಿಕೊಳ್ಳುತ್ತಿದ್ದಳು.

ಕಾರಹುಣ್ಣಿಮೆಯಿಂದ ಶ್ರಾವಣದವರೆಗೆ ದಾನವ್ವ ಒಂದು ದಿನವೂ ಕೊಟ್ಟಿಗೆಯ ಕಡೆ ಹೊರಳಿರಲಿಲ್ಲ.

ಬಸುರಿ ಎಂದು ಗೊತ್ತಾದಂದಿನಿಂದ ಮನೆಯ ಬೆಣ್ಣೆ ಅವಳ ರೊಟ್ಟಿಗೆ ಹೋಯಿತು. ಪಂಚಮಿ ಹಬ್ಬದ ಶೇಂಗಾ ಉಂಡಿ ಮೊದಲು ಅವಳ ಕೈಗೆ ಬಂತು. ಎಲೆ ಮಾರಲು ಯಲವಿಗಿ ಸ್ಟೇಶನ್ನಿಗೆ ಗಾಡಿ ಹೊಡೆದುಕೊಂಡು ಹೋದ ಉಳಿವೆಪ್ಪ, ಬರುವಾಗ ಖಾರದಂಗಡಿಯಿಂದ ಸೇವು-ಚೂಡಾದ ಪೊಟ್ಟಣ ಕಟ್ಟಿಸಿಕೊಂಡು ಬಂದ. ಯುದ್ಧ ಹತ್ತಿ ಸೀಮೆಎಣ್ಣೆಗೂ ಗತಿಯಿಲ್ಲದ ಆ ಕಾಲದಲ್ಲಿ ಹೆಂಡತಿಗೆಂದು ಖಾರ! ಪೊಟ್ಟಣವನ್ನು ಪಡಸಾಲೆಯ ನಡುವೆ ಇಟ್ಟು, "ಇಬ್ಬರೂ ತಿನ್ರಿ" ಅಂದ. ಪೊಟ್ಟಣದ ಬಾಯಿ ಮಾತ್ರ ದಾನವ್ವನ ಕಡೆ ಇತ್ತು. ಹೊನ್ನವ್ವ ಅದನ್ನು ಬಹಳ ಹೊತ್ತು ನೋಡಿದಳು. ಒಂದು ಕಾಳು ಮುಟ್ಟಲಿಲ್ಲ.

ದಾನವ್ವನನ್ನು ಅಕ್ಕಿಆಲೂರಿನಿಂದ ಆರಿಸಿ ತಂದವಳು ಹೊನ್ನವ್ವನೇ. ತನಗೆ ಮಕ್ಕಳಾಗಲಿಲ್ಲವೆಂದು ಗಂಡ ಎಲ್ಲಿಂದಲೋ ಒಬ್ಬಳನ್ನು ತಂದು ತನ್ನ ತಲೆಯ ಮೇಲೆ ಕೂರಿಸುವುದಕ್ಕಿಂತ, ತಾನೇ ನೋಡಿ, ತನ್ನ ಮಾತು ಕೇಳುವಂಥ ಬಡವರ ಹುಡುಗಿಯನ್ನು ತರುವುದು ಮೇಲೆಂದು ಹೋಗಿದ್ದಳು. ಭತ್ತ ಕುಟ್ಟುತ್ತಿದ್ದ ಹುಡುಗಿ ತಲೆ ಎತ್ತಿರಲಿಲ್ಲ. 'ಇದು ಮೆತ್ತಂದು' ಎಂದುಕೊಂಡಿದ್ದಳು ಹೊನ್ನವ್ವ. ಮೂರು ವರ್ಷವಾಗುವಷ್ಟರಲ್ಲಿ ಆ ಮೆತ್ತಂದು ಮನೆಯ ಕಣ್ಣು ಮೂಗು ಎಲ್ಲ ತಾನೇ ಆಗಿತ್ತು. ಆದರೆ ಅವಳಿಗೂ ಮಕ್ಕಳಾಗಿರಲಿಲ್ಲ. ಯುಗಾದಿಗೆ ಉಳಿವೆಪ್ಪ ಕೊನೆಯ ಮಾತಾಡಿದ್ದ: ದೀಪಾವಳಿಯೊಳಗೆ ಏನೂ ಸುದ್ದಿ ಇಲ್ಲದಿದ್ದರೆ ಹಿರೇಬೆಂಡಿಗೇರಿಯಲ್ಲಿರುವ ಹೊನ್ನವ್ವನ ತಮ್ಮನ ಮಗನನ್ನು ದತ್ತಕ ತೆಗೆದುಕೊಳ್ಳೋಣ. ಆ ಮಾತಿನ ಮೇಲೆ ಹೊನ್ನವ್ವ ನಾಲ್ಕು ತಿಂಗಳು ಉಸಿರು ಹಿಡಿದುಕೊಂಡು ಬದುಕಿದ್ದಳು. ತನ್ನ ರಕ್ತದ ಕೂಸು ಮನೆಗೆ ಬಂದರೆ ತಾನು ತಾಯಿ. ದಾನವ್ವನಿಗೆ ಹುಟ್ಟಿದರೆ ತಾನು ರೊಟ್ಟಿ ಬಡಿಯುವ ಹೆಂಗಸು, ಶಂಕ್ರವ್ವನಂತೆ ಕಟ್ಟೆ ಕಾಯುವ ಇನ್ನೊಬ್ಬ ಮುದುಕಿ.

ಇನ್ನೊಂದು ಸಂಗತಿ ಇತ್ತು. ಅದನ್ನು ಹೊನ್ನವ್ವ ಯಾರಿಗೂ ಹೇಳಿರಲಿಲ್ಲ. ಯುಗಾದಿಯ ಮುಂದೆಯೇ ಅವಳ ಮುಟ್ಟು ನಿಂತುಹೋಗಿತ್ತು. ಮೂವತ್ತೈದು ದಾಟಿದ ಮೈ. ಅವಳ ಅವ್ವನಿಗೂ ಬೇಗನೆ ನಿಂತಿತ್ತು. ಕಾಲ ಮುಗಿಯಿತು ಎಂದುಕೊಂಡಳು. ಹೊಟ್ಟೆ ಉಬ್ಬರಿಸುತ್ತಿತ್ತು, ಎದೆ ಉರಿಯುತ್ತಿತ್ತು. ವಾಯು ಎಂದು ಅಜಿವಾನದ ನೀರು ಕುಡಿದಳು. ಆದರೆ ಇದು ಗೊತ್ತಾದರೆ ದಾನವ್ವ ನಗುತ್ತಾಳೆ, ಗಂಡ ತನ್ನ ಕೋಣೆಯ ಕಡೆ ಬರುವುದನ್ನೂ ಬಿಡುತ್ತಾನೆ ಎಂಬ ಭಯ. ಆದ್ದರಿಂದ ತಿಂಗಳಿಗೊಮ್ಮೆ, ಮೊದಲಿನ ಲೆಕ್ಕ ತಪ್ಪದಂತೆ, ಮೂರು ದಿನ ಕೊಟ್ಟಿಗೆಯ ಕಡೆ ಹೊರಳಿ ಸಗಣಿ ಬಳಿಯುತ್ತಿದ್ದಳು. ಶಂಕ್ರವ್ವ ನೋಡುತ್ತಿದ್ದಳು. ಅದೇ ಬೇಕಾಗಿತ್ತು.

ತಾನೇ ಸುಳ್ಳು ಕೂತವಳಿಗೆ ಇನ್ನೊಬ್ಬಳ ಸುಳ್ಳಿನ ವಾಸನೆ ಬೇಗ ಹತ್ತುತ್ತದೆ. ಆಷಾಢದಲ್ಲಿ ಒಂದು ಬೆಳಗ್ಗೆ ದಾನವ್ವ ವಾರವಲ್ಲದ ವಾರ ತಲೆಗೆ ಎರೆದುಕೊಂಡಳು. ಕರಿಯ ಚಂದ್ರಕಾಳಿ ಸೀರೆಯನ್ನು ಬಿಡದೆ ಉಟ್ಟಳು. ಯಾರೂ ಏಳುವ ಮುಂಚೆ ಕಾಲುವೆಯ ಕಡೆಯಿಂದ ಏನನ್ನೋ ಒಗೆದು ಹಿಂಡಿಕೊಂಡು ಬಂದಳು. ಶ್ರಾವಣದಲ್ಲಿಯೂ ಹಾಗೆಯೇ ಆಯಿತು.

"ಯಾಕ ದಾನಿ, ಇಷ್ಟ ಲಗೂನ ಎದ್ದೀ?" ಎಂದು ಹೊನ್ನವ್ವ ಕೇಳಿದಳು.

"ಹೊಟ್ಟ್ಯಾಗಿಂದು ನಿದ್ದಿ ಮಾಡಗೊಡೂದಿಲ್ಲ ಅಕ್ಕ," ಎಂದು ದಾನವ್ವ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ನಿನಗೇನ್ ಗೊತ್ತಾಗಬೇಕ ಅದು."

ಆ ಮಾತು ಹೊನ್ನವ್ವನ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು.

ಇರಲಿ, ಬಳ್ಳಿ ಹೇಳುತ್ತದೆ ಎಂದು ಕಾದಳು. ಹೊರಗಾದವಳು ತೋಟಕ್ಕೆ ಹೋಗುತ್ತಿದ್ದರೆ ಬಳ್ಳಿ ಸುಮ್ಮನಿರುವುದಿಲ್ಲ. ಬಾವಿಯ ಮಗ್ಗುಲಿನ ಸಾಲುಗಳು ದಾನವ್ವನವು. ಅಲ್ಲಿ ಎಲೆ ಕೊಯ್ಯುವವಳು ಅವಳೊಬ್ಬಳೇ. ಹೊನ್ನವ್ವ ದಿನಾ ಹೋಗಿ ಆ ಸಾಲು ನೋಡಿದಳು. ಒಂದು ಎಲೆಯೂ ಬಾಡಲಿಲ್ಲ. ಬಾಡುವುದಿರಲಿ, ಅಂಬಾಡಿ ತಳಿಯ ಎಲೆ ಅಂಗೈಯಷ್ಟು ಅಗಲ ಬಿಟ್ಟು, ಆಸರೆಯ ಚೊಗಚಿ ಗಿಡದ ತುದಿಯವರೆಗೆ ಹಬ್ಬಿ ಮಿರಿಮಿರಿ ಮಿಂಚುತ್ತಿತ್ತು. ಹೊನ್ನವ್ವನ ಸ್ವಂತ ಸಾಲಿಗಿಂತ ಅದೇ ಹುಲುಸಾಗಿತ್ತು.

ಇನ್ನೊಬ್ಬರಾಗಿದ್ದರೆ ಈ ನಂಬಿಕೆಯೇ ಸುಳ್ಳಿರಬಹುದು ಎಂದುಕೊಳ್ಳುತ್ತಿದ್ದರೋ ಏನೋ. ಹೊನ್ನವ್ವನಿಗೆ ಅದು ಹೊಳೆಯಲಿಲ್ಲ. ಗಂಡ ದಾನಿಯ ಕಡೆ ಆದ, ಅತ್ತಿ ಅವಳ ಕಡೆ ಆದಳು, ಈಗ ಬಳ್ಳಿಯೂ ಅವಳ ಕಡೆಗೇ ಆಯಿತು ಎಂದು ಅವಳ ಹೊಟ್ಟೆ ಉರಿಯಿತು. ಬಳ್ಳಿ ನಿಜ ಹೇಳಲು ಅಂಜುತ್ತಿದ್ದರೆ ಅದಕ್ಕೆ ಬಾಯಿ ಕೊಡಬೇಕಾದವಳು ತಾನು.

ಉಳಿವೆಪ್ಪ ಸಂತೆಗೆ ಹೋದ ದಿನ, ಊಟ ಮುಗಿದು ಎಲ್ಲರ ಕಣ್ಣು ಜೊಂಪು ಹತ್ತಿದ ಹೊತ್ತಿಗೆ, ಉಪ್ಪಿನಕಾಯಿಗೆಂದು ಇಟ್ಟ ಹರಳುಪ್ಪನ್ನು ಕೊಡ ನೀರಿನಲ್ಲಿ ಕದಡಿ ಬಾವಿಯ ಮಗ್ಗುಲಿಗೆ ಒಯ್ದಳು. ಬುಡದ ಮಣ್ಣು ಕೆದರಿ ಹೊಯ್ದಳು. ಮಣ್ಣು ಗುಟುಗುಟು ಕುಡಿಯಿತು. ಈ ಸಾಲಿನ ಬಳ್ಳಿಗಳನ್ನು ಮದುವೆಯಾಗಿ ಬಂದ ಹೊಸದರಲ್ಲಿ ಅವಳೇ ನೆಟ್ಟಿದ್ದಳು. ಆದರೂ ನಿಲ್ಲಲಿಲ್ಲ. ಮರುದಿನ ಇನ್ನೊಂದು ಕೊಡ ಹೊಯ್ದಳು.

ವಾರ ಕಳೆಯುವಷ್ಟರಲ್ಲಿ ಸಾಲು ಹಳದಿಯಾಯಿತು. ಎಲೆ ಅಂಚಿನಿಂದ ಸುಟ್ಟು, ಸುರುಳಿಯಾಗಿ ಉದುರತೊಡಗಿತು.

ಮೊದಲು ಕಂಡವನು ಉಳಿವೆಪ್ಪ. ಬಾಡಿದ ಬಳ್ಳಿಯ ತುಂಡನ್ನು ಕೈಯಲ್ಲಿ ಹಿಡಿದು, ಸತ್ತ ಕೋಳಿಯನ್ನು ತಂದವನಂತೆ ಅಂಗಳಕ್ಕೆ ಬಂದ. ಮಾತು ಕಡಿಮೆಯ ಮನುಷ್ಯ. ಸಿಟ್ಟು ಬಂದರೆ ಇನ್ನೂ ಕಡಿಮೆ.

"ಯಾರ ಹೋಗಿದ್ರಿ?" ಎಂದ.

ಶಂಕ್ರವ್ವ ಕಟ್ಟೆಯಿಂದ ಇಳಿದು ಎದೆ ಬಡಿದುಕೊಂಡಳು. "ಯಪ್ಪಾ ನನ್ನಪ್ಪಾ! ನಮ್ಮಪ್ಪನ ಕಾಲಕ್ಕೂ ಹಿಂಗ ಆಗಿದ್ದಿಲ್ಲ! ಬಾಯಿ ಬಿಡ್ರೆ ರಂಡೇರ, ಯಾರ ಕಾಲಿಟ್ಟೀರಿ ಹೇಳ್ರಿ!"

ಹೊನ್ನವ್ವ ಸೆರಗು ಸರಿಪಡಿಸಿಕೊಂಡಳು. ಈ ಗಳಿಗೆಯನ್ನು ಮನಸ್ಸಿನಲ್ಲಿ ಎಷ್ಟೋ ಸಲ ಆಡಿ ನೋಡಿದ್ದಳು. "ನಾ ಅಂತೂ ಮೂರು ದಿನ ಕೊಟ್ಟಿಗ್ಯಾಗ ಇದ್ದೆ. ಅತ್ತಿನ ನೋಡ್ಯಾಳ. ಆ ಸಾಲು ನಂದಲ್ಲ," ಎಂದಳು ಮೆಲ್ಲಗೆ. "ಆ ಸಾಲಿನಾಗ ಕೊಯ್ಯೂದು ದಾನಿ. ಆದ್ರ ದಾನಿ ಬಸುರಿ. ಬಸುರಿ ಹೋದ್ರ ಬಳ್ಳಿ ಒಣಗೂದಿಲ್ಲ. ಹೌದಲ್ಲೇನತ್ತಿ?"

ಎಲ್ಲರೂ ದಾನವ್ವನ ಕಡೆ ತಿರುಗಿದರು. ಹೊನ್ನವ್ವನಿಗೆ ಬಾಯಿ ಸಿಹಿಯಾಯಿತು.

ದಾನವ್ವನ ಮುಖದಲ್ಲಿ ಒಂದು ಕ್ಷಣ ರಕ್ತವಿರಲಿಲ್ಲ. ಆಮೇಲೆ ಸೀದಾ ನಿಂತಳು. "ಸಂಶೇ ಇದ್ರ ಹಾಜರಾಬಿನ ಕರಸ್ರಿ. ಆಕಿ ನೋಡಿ ಹೇಳ್ಲಿ. ಆದ್ರ ಒಬ್ಬಾಕಿನ್ನ ನೋಡೂದು ಬ್ಯಾಡ. ಅಕ್ಕನ್ನೂ ನೋಡ್ಲಿ. ಹೊಟ್ಟಿ ಉಬ್ಬರ ಅಂತ ದಿನಾ ಅಜಿವಾನ ಕುಡೀತಾಳ, ಪಾಪ. ಏನ್ ಬ್ಯಾನ್ಯೋ ಗೊತ್ತಾಗ್ಲಿ."

"ನನಗೇನ ನೋಡೂದೈತಿ?" ಎಂದಳು ಹೊನ್ನವ್ವ.

"ಅಂಜಿಕಿ ಯಾಕವಾ?" ಎಂದಳು ದಾನವ್ವ.

ಅಂಜಿಕೆ ಎಂದ ಮೇಲೆ ಹಿಂದೆ ಸರಿಯುವಂತಿರಲಿಲ್ಲ. ಮುಟ್ಟು ನಿಂತದ್ದು ಗೊತ್ತಾದರೆ ಆಗಲಿ. ದಾನವ್ವ ಸಿಕ್ಕಿಬಿದ್ದರೆ ಸಾಕು ಎಂದು ಹೊನ್ನವ್ವ ಲೆಕ್ಕ ಹಾಕಿದಳು.

ಹಾಜರಾಬಿ ಓಣಿಯ ಸೂಲಗಿತ್ತಿ. ಆ ಓಣಿಯ ಅರ್ಧ ಜನ ಅವಳ ಕೈಗೆ ಬಿದ್ದು ಅತ್ತವರೇ; ಉಳಿವೆಪ್ಪನೂ ಅವಳ ಅವ್ವನ ಕೈಯಲ್ಲಿ ಹುಟ್ಟಿದವನು. ಅವಳು ಬಂದು ಕೈಕಾಲು ತೊಳೆದು, ಇಬ್ಬರನ್ನೂ ಒಳಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು. ಹೊರಗೆ ಅಂಗಳದಲ್ಲಿ ಉಳಿವೆಪ್ಪ ನಿಂತೇ ಇದ್ದ. ಶಂಕ್ರವ್ವನ ಗೊಣಗು ಕೇಳಿಸುತ್ತಿತ್ತು.

ದಾನವ್ವನ ಹೊಟ್ಟೆಯ ಮೇಲೆ ಹಾಜರಾಬಿಯ ಕೈ ಬಹಳ ಹೊತ್ತು ನಿಲ್ಲಲಿಲ್ಲ. "ಖಾಲಿ ಐತಿ ಬೇಟಿ," ಎಂದಳು ಸಣ್ಣ ದನಿಯಲ್ಲಿ.

ಹೊನ್ನವ್ವನಿಗೆ ಕುಣಿಯಬೇಕೆನಿಸಿತು. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೂ ಇಟ್ಟಳು.

"ನೀ ಎತ್ತಾಗ ಹೊಂಟಿ? ಮಲಕೋ ಬಾ," ಎಂದು ಹಾಜರಾಬಿ ಅವಳ ರಟ್ಟೆ ಹಿಡಿದಳು. ಹೊಟ್ಟೆ ಒತ್ತಿದಳು. ಮತ್ತೆ ಒತ್ತಿದಳು. ಎದೆ ನೋಡಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಎಂದಿನಿಂದ ನಿಂತಾವ?"

"...ಯುಗಾದಿ ಮುಂದ."

"ಹುಚ್ಚ ಖೋಡಿ," ಎಂದು ಹಾಜರಾಬಿ ಅವಳ ಕೆನ್ನೆಗೆ ಮೆಲ್ಲಗೆ ತಟ್ಟಿದಳು. "ಇದು ವಾಯು ಅಲ್ಲ. ಕೂಸು. ನಾಕು ತಿಂಗಳ ಮ್ಯಾಲೆ ಆಗೇತಿ."

ಹೊನ್ನವ್ವನ ಕಣ್ಣ ಮುಂದೆ ತೊಲೆಗಳು ತಿರುಗಿದವು. ಹದಿನೆಂಟು ವರ್ಷ ಹೊತ್ತ ಹರಕೆಗಳು, ಕಟ್ಟಿಸಿಕೊಂಡ ತಾಯಿತಗಳು, ಕುಡಿದ ಬೇರಿನ ರಸಗಳು ಎಲ್ಲ ಒಮ್ಮೆಲೇ ನೆನಪಾದವು.

ಮೊದಲು ಮಾತಾಡಿದವಳು ದಾನವ್ವ. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

"ಹೊರಗ ಹೋಗಿ ಏನಂತ ಹೇಳ್ತಿ ಅಕ್ಕ? ತಿಂಗಳಾ ತಿಂಗಳಾ ಕೊಟ್ಟಿಗ್ಯಾಗ ಕುಂತಿ. ಅತ್ತಿ ನೋಡ್ಯಾಳ, ಅವ್ರು ನೋಡ್ಯಾರ. ಈಗೀಗ 'ಮೂರು ದಿನ ಹೊರಗಿದ್ದೆ' ಅಂತ ಅಂಗಳದಾಗ ನೀನ ಸಾರಿದಿ. ಈಗ ನಾಕು ತಿಂಗಳ ಬಸುರಿ ಅಂದ್ರ ಯಾರ ನಂಬತಾರ? ನಂಬಿದ್ರೂ ಏನ್ ಕೇಳತಾರ ಗೊತ್ತೈತೇನು? ಇದು ಎಲ್ಲಿಂದು, ಯಾರದು ಅಂತ ಕೇಳತಾರ."

ಹೊನ್ನವ್ವ ಎದ್ದು ಕುಳಿತಳು. "ನಾ ಸುಳ್ಳ ಕುಂತಿದ್ದೆ."

"ನನಗ ಗೊತ್ತೈತಿ. ಹಿತ್ತಲದಾಗ ನಿನ್ನ ಅರಿವಿ ಒಣಗಿದ್ದು ನಾ ನೋಡಿಲ್ಲ, ಅದಕ್ಕ ನಿನ್ನನ್ನೂ ನೋಡ್ಲಿ ಅಂದೆ. ಆದ್ರ ಗೊತ್ತಿರೂದು ನನಗೊಬ್ಬಾಕಿಗೆ." ದಾನವ್ವ ಹತ್ತಿರ ಬಂದು ಕುಳಿತಳು. "ಇನ್ನೊಂದೂ ಗೊತ್ತೈತಿ. ಆ ಬಳ್ಳಿ ಬುಡದ ಮಣ್ಣು ನೆಕ್ಕಿ ನೋಡೇನಿ. ಉಪ್ಪು."

ಹೊನ್ನವ್ವ ಗೋಡೆಗೆ ಒರಗಿದಳು.

"ಕೇಳಿಲ್ಲೆ. ನನಗ ಕಾರಹುಣ್ಣಿವಿಗೆ ನಿಂತಿದ್ದು ಖರೇ. ಅತ್ತಿ ಮುಂದ ಬಾಯಿ ಬಿಟ್ಟೆ. ತಿಂಗಳಾದ ಮ್ಯಾಲೆ ಹೋತು. ಅಷ್ಟೊತ್ತಿಗೆ ಬೆಣ್ಣಿ ಬಂದಿತ್ತು, ಖಾರ ಬಂದಿತ್ತು. ಹ್ಯಾಂಗ ಹೇಳ್ಲಿ?" ದಾನವ್ವ ಕಣ್ಣು ಒರೆಸಿಕೊಂಡಳು. ಮತ್ತೆ ಮಾತಾಡಿದಾಗ ದನಿ ಗಟ್ಟಿಯಾಗಿತ್ತು. "ಎಲ್ಲಾರೂ ನಾ ಬಸುರಿ ಅಂತ ತಿಳಿದಾರ. ಹಂಗ ಇರ್ಲಿ. ಬಸುರಿ ಸಂಗಾತ ಅಕ್ಕನೂ ಹೋಗ್ಯಾಳ ಅಂದ್ರ ಯಾರೂ ಏನೂ ಅನ್ನಾಂಗಿಲ್ಲ. ಇಬ್ಬರೂ ನಿನ್ನ ತವರಿಗೆ ಹೋಗೂನು. ಕೂಸು ನನ್ನ ಹೆಸರಲೆ ಹುಟ್ಟಲಿ. ಸಾಕೂದು ನೀನ ಸಾಕು, ನಾ ಬ್ಯಾಡ ಅನ್ನೂದಿಲ್ಲ. ಉಪ್ಪಿನ ಮಾತು ನನ್ನ ಹೊಟ್ಟ್ಯಾಗ ಇರತೈತಿ. ಬಳ್ಳಿಗೆ ರೋಗ ಬಂದಿತ್ತು ಅಂದ್ರ ಮುಗೀತು."

ಹೊನ್ನವ್ವ ಹಾಜರಾಬಿಯ ಮುಖ ನೋಡಿದಳು. ಅವಳು ಕೈ ಕೊಡವಿ ಎದ್ದಳು. "ನನ್ನ ಕೇಳಬ್ಯಾಡ್ರವ್ವಾ. ಕೇಳಿದ್ರ ನಾ ಸುಳ್ಳ ಹೇಳಾಂಗಿಲ್ಲ, ಅಲ್ಲಾ ನೋಡ್ತಾನ. ಕೇಳದಿದ್ರ ನಾನಾಗಿ ಸಾರಾಂಗಿಲ್ಲ. ಸವತ್ಯಾರ ನಡುವ ಬಂದಾಕಿ ಬೀಸೂ ಕಲ್ಲಿನ ನಡುವ ಬಿದ್ದ ಕಾಳು. ನೀವ ಬಗೀಹರಿಸ್ಕೋರಿ, ಲಗೂನ."

ಹೊರಗೆ ಉಳಿವೆಪ್ಪ ಕೆಮ್ಮಿದ.

ದಾನವ್ವನ ಮಾತು ಕೆಟ್ಟದ್ದೇನಲ್ಲ ಎಂದು ಹೊನ್ನವ್ವನ ಬುದ್ಧಿ ಹೇಳಿತು. ಮಾನ ಉಳಿಯುತ್ತದೆ. ಉಪ್ಪಿನ ಸುದ್ದಿ ಮುಚ್ಚಿಹೋಗುತ್ತದೆ. ಕೂಸು ತನ್ನ ಮೊಲೆಹಾಲು ಕುಡಿದು ತನ್ನ ಮಗ್ಗುಲಲ್ಲೇ ಮಲಗುತ್ತದೆ. ಬಾಯಿ ಬಿಟ್ಟರೆ ಏನಿದೆ? ಹೆತ್ತ ಮಕ್ಕಳಂತೆ ಬೆಳೆಸಿದ ಬಳ್ಳಿಯನ್ನು ಕೊಂದವಳೆಂಬ ಹೆಸರು. ಅದಕ್ಕಿಂತ ಹೆಚ್ಚಿನದು, ಬಸುರಿನ ಮೇಲೆ ಸಂಶಯ. ಉಳಿವೆಪ್ಪ ನಂಬದಿದ್ದರೆ ಈ ಹೊಟ್ಟೆ ಹೊತ್ತುಕೊಂಡು ಹಿರೇಬೆಂಡಿಗೇರಿಯ ದಾರಿ ಹಿಡಿಯಬೇಕು. ಅಲ್ಲಿ ತಮ್ಮನ ಹೆಂಡತಿ ಬಾಗಿಲು ತೆರೆದಾಳೆಂದೂ ಭರವಸೆಯಿಲ್ಲ.

"ಹೂಂ ಅನ್ನು," ಎಂದಳು ದಾನವ್ವ.

ಹೊನ್ನವ್ವ ಹೂಂ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳಿಗೆ ತೊಟ್ಟಿಲು ಕಂಡಿತು. ಓಣಿಯ ಹೆಂಗಸರು ಸುತ್ತ ನಿಂತು ದಾನವ್ವನ ಮಗ, ದಾನವ್ವನ ಮೂಗು, ದಾನವ್ವನ ಪುಣ್ಯ ಎಂದು ಹಾಡುತ್ತಿದ್ದರು. ದಾನವ್ವ ಹೊಸ ಇಳಕಲ್ಲ ಸೀರೆ ಉಟ್ಟು ತೊಟ್ಟಿಲ ತಲೆಯ ಕಡೆ ಕುಳಿತಿದ್ದಳು. ಉಳಿವೆಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಕೂಸನ್ನಲ್ಲ, ದಾನವ್ವನನ್ನು. ಖಾರದ ಪೊಟ್ಟಣದ ಬಾಯಿ ಅವಳ ಕಡೆ ತಿರುಗಿಸಿದವನ ಅದೇ ನೋಟ. ತಾನು ಗೋಡೆಯ ಮಗ್ಗುಲಿಗೆ ನಿಂತು ಎಲೆಯಡಿಕೆ ಹಂಚುತ್ತಿದ್ದಳು.

ಗಂಡನನ್ನು ಪಾಲು ಹಾಕಿ ಕೊಟ್ಟದ್ದಾಯಿತು. ಬೆಣ್ಣೆ ಕೊಟ್ಟದ್ದಾಯಿತು. ಇನ್ನು ಇದನ್ನೂ?

ಅವಳು ಎದ್ದು ಬಾಗಿಲ ಅಗಳಿ ತೆಗೆದಳು. "ಅಕ್ಕ, ಕಾಲ ಬೀಳ್ತೇನಿ," ಎಂದು ದಾನವ್ವ ಸೆರಗು ಹಿಡಿದು ಎಳೆದಳು. ಸೆರಗು ಚರ್ ಎಂದು ಹರಿಯಿತು. ಹೊನ್ನವ್ವ ಹರಿದ ಸೆರಗಿನಲ್ಲೇ ಅಂಗಳಕ್ಕೆ ಬಂದಳು.

"ಬಳ್ಳಿಗೆ ಉಪ್ಪುನೀರು ಹಾಕಿದಾಕಿ ನಾನ," ಎಂದಳು.

ಶಂಕ್ರವ್ವ ಗೊಣಗುವುದನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ದಾನೀನ ಹಿಡಿದುಕೊಡಬೇಕಂತ ಹಾಕಿದೆ. ಆಕಿಗೆ ಹೊಟ್ಟ್ಯಾಗ ಏನೂ ಇಲ್ಲ. ಹೊರಗಾದಾಗೆಲ್ಲಾ ತ್ವಾಟಕ್ಕ ಹೋಗ್ಯಾಳ. ಬಳ್ಳಿ ಒಣಗಲಿಲ್ಲ, ಅದಕ್ಕ ನಾ ಒಣಗಿಸಿದೆ." ಉಸಿರು ಎಳೆದುಕೊಂಡಳು. "ಕೂಸು ನನಗೈತಿ. ಯುಗಾದಿ ಮುಂದ ನಿಂತೈತಿ. ಮುಪ್ಪಂತ ತಿಳಿದು, ನೀವು ನಗತೀರಂತ ಸುಳ್ಳ ಕೊಟ್ಟಿಗ್ಯಾಗ ಕುಂತೆ. ನಂಬಿದ್ರ ನಂಬ್ರಿ. ನಂಬದಿದ್ರ ಗಾಡಿ ಹೂಡ್ರಿ, ಬೆಂಡಿಗೇರಿಗೆ ಬಿಟ್ಟು ಬರ್ರಿ. ಆದ್ರ ಇದು ನಂದು. ನನ್ನ ಹೆಸರಲೆ ಹುಟ್ಟತೈತಿ."

ಉಳಿವೆಪ್ಪ ಕೈಯಲ್ಲಿದ್ದ ಬಾಡಿದ ಬಳ್ಳಿಯನ್ನು ನೋಡಿದ. ಅದನ್ನು ಹಣೆಯ ಬಳಿಗೆ ಒಯ್ದು, ಮತ್ತೆ ಇಳಿಸಿದ.

"ಉಪ್ಪು ಹಾಕಿದ್ಯಾ?" ಎಂದ. "ಬಳ್ಳಿಗೆ?"

"ಹೂಂರಿ."

"ಹಾಲ ಕೊಡೂ ಆಕಳ ಕುತಗೀ ಕೊಯ್ದಂಗ ಮಾಡಿದ್ಯಲ್ಲಬೇ!" ಎಂದು ಶಂಕ್ರವ್ವ ಕೂಗಿದಳು. "ಇಂಥಾಕಿ ಮಾತು ನಂಬೂದು ಹ್ಯಾಂಗ? ನಾ ಕಣ್ಣಾರೆ ನೋಡೇನಿ, ತಿಂಗಳಾ ಕೊಟ್ಟಿಗ್ಯಾಗ..."

"ಸುಳ್ಳ ಕುಂತಿದ್ಲು."

ಬಾಗಿಲಲ್ಲಿ ದಾನವ್ವ ನಿಂತಿದ್ದಳು. ಕೈಯಲ್ಲಿ ಹೊನ್ನವ್ವನ ಸೆರಗಿನ ಹರಿದ ತುಂಡು. ಮುಖ ತೊಯ್ದಿತ್ತು. ಹೊನ್ನವ್ವನನ್ನು ನೋಡದೆ, ನೆಲಕ್ಕೆ ಹೇಳಿದಳು: "ಆಕಿ ಅರಿವಿ ಒಗೀಲಿಲ್ಲ, ಒಣ ಹಾಕಲಿಲ್ಲ. ನಾ ನೋಡಕೋತ ಬಂದೇನಿ. ಆಕಿ ಏನ್ ಮಾಡಿದ್ರೂ ನನ್ನ ಕಣ್ಣು ಅಲ್ಲೇ ಇರತೈತಿ. ಆಕಿ ಹೇಳೂದು ಖರೇ." ಅಷ್ಟು ಹೇಳಿ ತಿರುಗಿ ಒಳಗೆ ಹೋದಳು. ಒಳಗಿಂದ ತಡೆತಡೆದು ಬಿಕ್ಕುವ ಸದ್ದು ಬಂತು.

ಸೋತವಳು ಯಾಕೆ ಸಾಕ್ಷಿ ಹೇಳಿದಳೆಂದು ಹೊನ್ನವ್ವನಿಗೆ ತಿಳಿಯಲಿಲ್ಲ. ಕೃತಜ್ಞತೆ ಹುಟ್ಟಬೇಕಾಗಿತ್ತು. ಅದು ಹುಟ್ಟುವ ಮುಂಚೆಯೇ, ಇದನ್ನೂ ಅವಳೇ ಕೊಟ್ಟಂತಾಯಿತಲ್ಲ ಎಂದು ಒಳಗೆ ಚುರ್ ಎಂದಿತು.

"ಹಾಜರಾಬಿ?" ಎಂದ ಉಳಿವೆಪ್ಪ.

"ಖರೇ ಐತಪ್ಪಾ. ಬರೂ ಸಂಕ್ರಾಂತಿಗೆ ಹಡೀತಾಳ," ಎಂದು ಹಾಜರಾಬಿ ಚಪ್ಪಲಿ ಮೆಟ್ಟಿದಳು. "ಮುಂದ ಆಕಿಗೆ ಕೊಡ ಹೊರಿಸಬ್ಯಾಡ್ರಿ. ಉಪ್ಪಿನ ಕೊಡ ಅಂತೂ ಮೊದಲ ಬ್ಯಾಡ."

ಶಂಕ್ರವ್ವ ಬೈಯುತ್ತಲೇ ಬಂದು ಹೊನ್ನವ್ವನ ತೋಳು ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. ಬೈಯುತ್ತಲೇ ನೀರು ತಂದುಕೊಟ್ಟಳು. ಬಾಡಿದ ಸಾಲನ್ನು ಕಿತ್ತು ಮಣ್ಣು ಬದಲಿಸಬೇಕು, ಮತ್ತೆ ಬಳ್ಳಿ ಏರಬೇಕಾದರೆ ವರ್ಷಗಳೇ ಬೇಕು, ಕೂಸು ನಡೆದಾಡುವಷ್ಟಾದರೂ ಎಲೆ ಬಾರದು ಎಂದು ಗೊಣಗಿದಳು. ಕೂಸು ಎಂಬ ಮಾತು ಬಂದಾಗ ಮಾತ್ರ ಮುದುಕಿಯ ದನಿ ತನಗರಿವಿಲ್ಲದೆ ಮೆತ್ತಗಾಗುತ್ತಿತ್ತು.

ಉಳಿವೆಪ್ಪ ಹೊನ್ನವ್ವನ ಮುಂದೆ ಬಂದು ನಿಂತ. ಅವಳ ಹರಿದ ಸೆರಗನ್ನು ಭುಜದ ಮೇಲೆ ಎಳೆದು ಮುಚ್ಚಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಗಲಿನಲ್ಲಿ, ನಾಲ್ಕು ಜನರ ಮುಂದೆ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಆಮೇಲೆ ಬಳ್ಳಿಯ ತುಂಡನ್ನು ಕಟ್ಟೆಯ ಮೇಲಿಟ್ಟು, ಬಾಗಿ, ದಾನವ್ವ ಅಳುತ್ತಿದ್ದ ಕೋಣೆಯೊಳಗೆ ಹೋದ.

ಬಿಕ್ಕು ಸಣ್ಣದಾಯಿತು. ಗಂಡಸಿನ ದನಿ ಕೇಳಿಸಿತು. ಮೆಲ್ಲಗಿತ್ತು, ಬೈಗುಳವೋ ಸಮಾಧಾನವೋ ತಿಳಿಯುವಂತಿರಲಿಲ್ಲ.

"ಕುಡಿಯವಾ ನೀರು," ಎಂದಳು ಶಂಕ್ರವ್ವ.

"ಸುಮ್ಮಕಿರತ್ತಿ," ಎಂದಳು ಹೊನ್ನವ್ವ. ಎರಡು ಕೈಯಲ್ಲೂ ಹೊಟ್ಟೆಯನ್ನು ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಆ ಬಾಗಿಲಿನ ಕಡೆಗೇ ಕಿವಿ ಚಾಚಿದಳು.